ದಲಾಲಿ ಅಂಗಡಿಯ ದಿವಾನಜಿಗೆ ಆ್ಯಪ್ ಇನ್ವೆಂಟರ್: ಎರಡು ಹಂಗಾಮಿನ ಬಳಕೆಯ ನಂತರ

ಟೆಂಡರ್ ದರ ಗೊತ್ತಾದ ಮೇಲೆ ರೈತರಿಗೆ ಸುದ್ದಿ ಮುಟ್ಟಿಸಲು ನಮಗೆ ಸಿಗುವ ಸಮಯ ಬಹಳ ಕಡಿಮೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಸೋಮವಾರ ಮತ್ತು ಗುರುವಾರ ಟೆಂಡರ್, ಅಂದರೆ ಖರೀದಿದಾರರು ಮಾಲು ನೋಡಿ ದರ ಕೊಡುವ ಕೆಲಸ, ನಡೆಯುತ್ತದೆ. ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಹಂಗಾಮು ಏರಿದಾಗ ಒಂದೇ ದಿನ ನಮ್ಮ ಅಂಗಡಿಯ ಮುಂದೆ ನಲವತ್ತು, ಐವತ್ತು ಲಾಟು (ಒಟ್ಟಿಗೆ ಮಾರುವ ಚೀಲಗಳ ಗುಂಪು) ಇಳಿಯುತ್ತವೆ. ಬಿದ್ದ ದರಕ್ಕೆ ಮಾಲು ಕೊಡುವುದು, ಬಿಡುವುದು ರೈತನ ಹಕ್ಕು. ಅವರು ಅಂಗಳದಲ್ಲಿಯೇ ಚೀಲದ ಮೇಲೆ ಕುಳಿತಿದ್ದರೆ ಹೋಗಿ ಕೇಳಿದರಾಯಿತು. ಮಾಲು ಕಳುಹಿಸಿ ಕುಂದಗೋಳದಲ್ಲಿಯೋ ಅಣ್ಣಿಗೇರಿಯಲ್ಲಿಯೋ ಬಳ್ಳಾರಿ ಕಡೆಯ ಹಳ್ಳಿಯಲ್ಲಿಯೋ ಉಳಿದಿದ್ದರೆ ಫೋನಿನಲ್ಲಿಯೇ ಕೇಳಬೇಕು. ಅವರು ಹೂಂ ಎನ್ನುವ ತನಕ ಹಮಾಲರು ಕಾಟಾದ (ತೂಕದ ಯಂತ್ರದ) ಬಳಿ ಕೈಕಟ್ಟಿ ನಿಲ್ಲುತ್ತಾರೆ, ಖರೀದಿದಾರರ ಕಡೆಯವರು ಎರಡು ಸಲ ಬಂದು ಹೋಗುತ್ತಾರೆ.

ನಾನು ಇಲ್ಲಿನ ಒಂದು ದಲಾಲಿ ಅಂಗಡಿಯಲ್ಲಿ ಇಪ್ಪತ್ತಮೂರು ವರ್ಷಗಳಿಂದ ದಿವಾನಜಿ. ಲಾಟು ಬರೆದುಕೊಳ್ಳುವುದು, ತೂಕ ಕೂಡಿಸುವುದು, ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಮಾಡುವುದು, ರೈತರಿಗೆ ತಿಳಿಸುವುದು ನನ್ನ ಕೆಲಸ. ಮೊದಲೆಲ್ಲ ಖಾತೆ ಪುಸ್ತಕದ ಹಿಂದಿನ ಪುಟದಲ್ಲಿ ನಂಬರುಗಳಿರುತ್ತಿದ್ದವು. ಮೊಬೈಲ್ ಬಂದ ಮೇಲೆ ಎಲ್ಲವೂ ಅದರೊಳಗೆ ಸೇರಿತು, ಆದರೆ ಕೆಲಸ ಹಗುರಾಗಲಿಲ್ಲ. ಬಸವರಾಜ ಎಂಬ ಹೆಸರೇ ನನ್ನ ಫೋನಿನಲ್ಲಿ ಮೂವತ್ತೊಂದು ಇದೆ. ಒಬ್ಬರಿಗೆ ಕರೆ ಮಾಡಿ, ಹಿಂದಕ್ಕೆ ಬಂದು, ಸಂದೇಶದ ಆ್ಯಪ್ ತೆರೆದು, ಲಾಟಿನ ಸಂಖ್ಯೆ ಮತ್ತು ದರ ಬರೆದು, ಮತ್ತೆ ಹಿಂದಕ್ಕೆ ಬಂದು ವಾಟ್ಸ್‌ಆ್ಯಪ್‌ನಲ್ಲಿ ಅದೇ ಹೆಸರು ಹುಡುಕಿ ಪಟ್ಟಿಯ ಫೋಟೊ ಕಳುಹಿಸಬೇಕು. ಒಂದು ಲಾಟಿಗೆ ಪರದೆಯನ್ನು ಎಷ್ಟು ಸಲ ಮುಟ್ಟುತ್ತೇನೆ ಎಂದು ಒಂದು ದಿನ ಕುಳಿತು ಎಣಿಸಿದೆ. ಬರೆಯುವ ಅಕ್ಷರಗಳನ್ನು ಬಿಟ್ಟು ಹತ್ತೊಂಬತ್ತು ಸಲ. ನಲವತ್ತು ಲಾಟಿಗೆ ಏಳುನೂರ ಅರವತ್ತು. ಮೆಣಸಿನಕಾಯಿಯ ಪುಡಿ ಹತ್ತಿದ ಬೆರಳಿನಲ್ಲಿ.

ಹಾವೇರಿಯಲ್ಲಿ ಬಿಸಿಎ ಓದುತ್ತಿರುವ ಮಗಳಿಗೆ ಈ ಲೆಕ್ಕ ತೋರಿಸಿದೆ. ನೋಡಿ ಅವಳು ಹೇಳಿದ ಮಾತು ಇಷ್ಟು: “ಅಪ್ಪಾ, ನಿಮಗೆ ಬೇಕಾದ ಕೆಲಸಗಳನ್ನು ಮಾಡುವ ಆ್ಯಪ್‌ಗಳೆಲ್ಲ ಫೋನಿನಲ್ಲಿ ಇವೆ. ಅವುಗಳನ್ನು ನಿಮ್ಮ ಸರತಿಯಲ್ಲಿ ಕರೆಯುವ ಒಂದು ಆ್ಯಪ್ ಇಲ್ಲ. ಅದನ್ನು ನೀವೇ ಮಾಡಿಕೊಳ್ಳಿ.” ಹಾಗೆ ನನ್ನ ಕೈಗೆ ಬಂದದ್ದು ಎಂಐಟಿ ಆ್ಯಪ್ ಇನ್ವೆಂಟರ್. ಕೋಡ್ ಬರೆಯದೆ, ಬ್ಲಾಕುಗಳನ್ನು ಜೋಡಿಸಿ ಫೋನಿನ ಆ್ಯಪ್ ಮಾಡಿಕೊಳ್ಳುವ ಪುಕ್ಕಟೆ ಸಾಧನ ಇದು, ಎಂಐಟಿ ಎಂದರೆ ಅಮೆರಿಕದ ಒಂದು ವಿಶ್ವವಿದ್ಯಾಲಯ. ಎರಡು ಹಂಗಾಮು ಅದರಿಂದ ಮಾಡಿದ ಆ್ಯಪ್ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಬೇರೆ ಅಂಗಡಿಗಳ ದಿವಾನಜಿಗಳಿಗೆ, ಸಣ್ಣ ವ್ಯಾಪಾರದವರಿಗೆ ಇದು ಎಷ್ಟರ ಮಟ್ಟಿಗೆ ಉಪಯೋಗ ಎಂದು ಹೇಳುವುದು ನನ್ನ ಉದ್ದೇಶ.

ಪುಕ್ಕಟೆ ಸಿಗುವ ವಸ್ತು ನಾಳೆಯೂ ಇರುತ್ತದೆಯೇ ಎಂಬುದು ಅಂಗಡಿಯಲ್ಲಿ ಕೆಲಸ ಮಾಡುವವನ ಮೊದಲ ಪ್ರಶ್ನೆ. ಆ್ಯಪ್ ಇನ್ವೆಂಟರ್ ಹುಟ್ಟಿದ್ದು ಗೂಗಲ್‌ನಲ್ಲಿ, 2010ರಲ್ಲಿ. ಎಂಐಟಿಯ ಪ್ರಾಧ್ಯಾಪಕ ಹಾಲ್ ಏಬಲ್ಸನ್ ಅದರ ಹಿಂದಿನ ಮುಖ್ಯ ವ್ಯಕ್ತಿ. 2011ರ ಕೊನೆಗೆ ಗೂಗಲ್ ತನ್ನ ಸೇವೆಯನ್ನು ನಿಲ್ಲಿಸಿತು, 2012ರಲ್ಲಿ ಎಂಐಟಿ ಅದನ್ನು ತನ್ನಲ್ಲಿ ತೆರೆಯಿತು, 2013ರ ಡಿಸೆಂಬರ್‌ನಲ್ಲಿ ಎರಡನೆಯ ಆವೃತ್ತಿ ಬಂತು. ಒಮ್ಮೆ ಮನೆ ಬದಲಾಯಿಸಿಯೂ ಉಳಿದುಕೊಂಡಿದೆ. ಅದರ ಮೂಲ ಸಂಕೇತ ಎಲ್ಲರಿಗೂ ತೆರೆದಿದೆ. ನಾವು ಮಾಡಿದ ಕೆಲಸವನ್ನು ಎಐಎ ಎಂಬ ಕಡತವಾಗಿ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಬಹುದು. ನಾನು ಪ್ರತಿ ತಿಂಗಳ ಮೊದಲ ಭಾನುವಾರ ಇಳಿಸಿಕೊಳ್ಳುತ್ತೇನೆ.

ಕಂಪ್ಯೂಟರಿನ ಬ್ರೌಸರಿನಲ್ಲಿಯೇ ಕೆಲಸ. ಒಂದು ಪುಟದಲ್ಲಿ ಪರದೆ ಹೇಗೆ ಕಾಣಬೇಕೆಂದು ಬಟನ್, ಪಟ್ಟಿ, ಬರೆಯುವ ಜಾಗ ಇವನ್ನು ಎಳೆದು ಇಡುತ್ತೇವೆ. ಇನ್ನೊಂದು ಪುಟದಲ್ಲಿ ಬಣ್ಣಬಣ್ಣದ ಬ್ಲಾಕುಗಳನ್ನು ಒಂದರ ಬಾಯಿಗೆ ಇನ್ನೊಂದನ್ನು ಕೂಡಿಸುತ್ತೇವೆ. “ಈ ಬಟನ್ ಒತ್ತಿದಾಗ” ಎಂಬುದು ಸಾಸಿವೆ ಬಣ್ಣದ್ದು, “ಇದನ್ನು ಮಾಡು” ಎಂಬುದು ನೇರಳೆ, “ಇದರ ಬೆಲೆ ಇಷ್ಟಾಗಲಿ” ಎಂಬುದು ಹಸಿರು. ಫೋನಿನಲ್ಲಿ ಕಂಪ್ಯಾನಿಯನ್ ಎಂಬ ಆ್ಯಪ್ ಹಾಕಿಕೊಂಡು ಒಂದು ಕ್ಯೂಆರ್ ಸಂಕೇತ ತೋರಿಸಿದರೆ, ಕಂಪ್ಯೂಟರಿನಲ್ಲಿ ಮಾಡಿದ ಬದಲಾವಣೆ ಕೂಡಲೇ ಫೋನಿನಲ್ಲಿ ಕಾಣುತ್ತದೆ. ನನಗೆ ಕಲಿಯುವ ಧೈರ್ಯ ಬಂದದ್ದು ಇದರಿಂದ. ತಪ್ಪಿದ್ದು ತಕ್ಷಣ ಕಣ್ಣಿಗೆ ಬೀಳುತ್ತದೆ, ತಿದ್ದಿದ್ದೂ ತಕ್ಷಣ.

ಇನ್ನು ಮುಖ್ಯ ವಿಷಯ. ನಮ್ಮ ಕೆಲಸಕ್ಕೆ ಜೀವವಾದದ್ದು ಬೇರೆ ಆ್ಯಪ್‌ಗಳನ್ನು ತೆರೆಯುವ ಆ್ಯಕ್ಟಿವಿಟಿ ಸ್ಟಾರ್ಟರ್ ಎಂಬ ಘಟಕ. ಅದು ಪರದೆಯ ಮೇಲೆ ಕಾಣಿಸುವುದಿಲ್ಲ, ಕೆಳಗೆ ಒಂದು ಗುರುತಾಗಿ ಕುಳಿತಿರುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಒಂದು ಆ್ಯಪ್ ಇನ್ನೊಂದರ ಒಳಗೆ ಕೈ ಹಾಕುವಂತಿಲ್ಲ. ಫೋನಿನ ವ್ಯವಸ್ಥೆಯ ಕೈಗೆ ಒಂದು ಚೀಟಿ ಬರೆದು ಕೊಡಬೇಕು, ಅದು ಚೀಟಿ ಓದಿ ತಕ್ಕವರನ್ನು ಎಬ್ಬಿಸುತ್ತದೆ. ಈ ಚೀಟಿಯ ಹೆಸರು ಇಂಟೆಂಟ್. ಚೀಟಿ ಬರೆಯುವ ರೀತಿ ಎರಡು. ಮಗಳು ಪುಸ್ತಕದ ಮಾತಿನಲ್ಲಿ ಹೇಳಿದಾಗ ನನಗೆ ಹತ್ತಲಿಲ್ಲ. ಮಾರುಕಟ್ಟೆಯ ಮಾತಿಗೆ ತಂದುಕೊಂಡ ಮೇಲೆ ಮರೆಯಲಿಲ್ಲ.

ಮೊದಲನೆಯದು ಟೆಂಡರ್. ಚೀಟಿಯಲ್ಲಿ ಕೆಲಸವನ್ನು ಮಾತ್ರ ಬರೆಯುತ್ತೇವೆ: “ಈ ಸ್ಥಳವನ್ನು ತೋರಿಸಿ”, “ಈ ವಿಳಾಸವನ್ನು ತೆರೆಯಿರಿ”. ಯಾರಿಂದ ಎಂದು ಬರೆಯುವುದಿಲ್ಲ. ಆ ಕೆಲಸ ಬಲ್ಲೆ ಎಂದು ಮೊದಲೇ ಹೆಸರು ಬರೆಸಿದ ಆ್ಯಪ್‌ಗಳು ಮುಂದೆ ಬರುತ್ತವೆ. ಒಂದೇ ಇದ್ದರೆ ಅದು ತೆರೆಯುತ್ತದೆ. ಎರಡು ಮೂರಿದ್ದರೆ ಯಾವುದು ಬೇಕೆಂದು ಫೋನು ನಮ್ಮನ್ನೇ ಕೇಳುತ್ತದೆ. ಇದಕ್ಕೆ ಆ್ಯಕ್ಷನ್ ಎಂಬ ಜಾಗದಲ್ಲಿ ‘ಆಂಡ್ರಾಯ್ಡ್ ಡಾಟ್ ಇಂಟೆಂಟ್ ಡಾಟ್ ಆ್ಯಕ್ಷನ್ ಡಾಟ್ ವ್ಯೂ’ ಎಂದೂ, ಡೇಟಾ ಯುಆರ್‌ಐ ಎಂಬ ಜಾಗದಲ್ಲಿ ವಿಳಾಸವನ್ನೂ ತುಂಬಬೇಕು. ವ್ಯೂ ಎಂಬ ಕೊನೆಯ ಪದ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿಯೇ ಇರಬೇಕು. ಸಣ್ಣ ಅಕ್ಷರದಲ್ಲಿ ಬರೆದು ನಾನು ಒಂದು ಸಂಜೆ ಕಳೆದಿದ್ದೇನೆ.

ಎರಡನೆಯದು ನೇರ ಮಾಲು ಕಳುಹಿಸುವುದು. ಅಂಗಡಿಯ ಹೆಸರು ಬರೆದು, ಯಾವ ಬಾಗಿಲಿಗೆ ಎಂದೂ ಬರೆಯಬೇಕು. ಪ್ಯಾಕೇಜ್ ಎಂದರೆ ಅಂಗಡಿ, ಕ್ಲಾಸ್ ಎಂದರೆ ಬಾಗಿಲು. ಅಂಗಡಿಯ ಹೆಸರು ಬರೆದು ಬಾಗಿಲಿನ ಹೆಸರು ಬಿಟ್ಟರೆ ಗಾಡಿ ಎಲ್ಲಿಗೂ ಮುಟ್ಟುವುದಿಲ್ಲ. ಎಲ್ಲ ಬಾಗಿಲುಗಳೂ ಹೊರಗಿನವರಿಗೆ ತೆರೆದಿರುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಆ್ಯಪ್ ಬರೆದವರು ಹೊರಗಿನವರು ಬರಬಹುದು ಎಂದು ಗುರುತು ಮಾಡಿದ ಬಾಗಿಲಿನಿಂದ ಮಾತ್ರ ಒಳಗೆ ಹೋಗಲು ಸಾಧ್ಯ. ಉಗ್ರಾಣದ ಬಾಗಿಲು ಬಡಿದರೆ ಯಾರೂ ತೆಗೆಯುವುದಿಲ್ಲ.

ಎರಡೂ ರೀತಿ ಬಳಸಿದ್ದೇನೆ, ನನ್ನ ಒಲವು ಟೆಂಡರಿನ ಕಡೆಗೆ. ನಕ್ಷೆಯ ಬಟನ್ ಅದಕ್ಕೆ ಒಳ್ಳೆಯ ಉದಾಹರಣೆ. ಹೊರಗಿನಿಂದ ಬರುವ ಲಾರಿಯವರು ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬಿಟ್ಟು ಊರೊಳಗೆ ಬಂದ ಮೇಲೆ ಯಾವ ಶೀತಲಗೃಹಕ್ಕೆ ಹೋಗಬೇಕೆಂದು ತಿಳಿಯದೆ ಕರೆ ಮಾಡುತ್ತಾರೆ. ಇಲ್ಲಿ ಶೀತಲಗೃಹಗಳು ಒಂದೆರಡಲ್ಲ. ‘ಜಿಯೊ’ ಮತ್ತು ಕೋಲನ್‌ನಿಂದ ಆರಂಭಿಸಿ, ಸೊನ್ನೆ ಅಲ್ಪವಿರಾಮ ಸೊನ್ನೆ ಬರೆದು, ಪ್ರಶ್ನಾರ್ಥಕದ ನಂತರ ‘ಕ್ಯೂ’, ಸಮ ಚಿಹ್ನೆ, ಆಮೇಲೆ ಸ್ಥಳದ ಹೆಸರು ಕೊಟ್ಟರೆ ನಕ್ಷೆಯ ಆ್ಯಪ್ ಅದನ್ನು ಹುಡುಕಿ ತೋರಿಸುತ್ತದೆ. ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ಹೆಸರಿನ ಬದಲು ಅದನ್ನೇ ಕೊಡಬಹುದು. ನಾನು ಪ್ರತಿ ಶೀತಲಗೃಹದ ಬಾಗಿಲಿನಲ್ಲಿ ನಿಂತು ಅಂಕಿಗಳನ್ನು ಬರೆದುಕೊಂಡು ಬಂದೆ. ಈಗ ಬಟನ್ ಒತ್ತಿ, ನಕ್ಷೆ ತೆರೆದು, ಅಲ್ಲಿಂದ ಚಾಲಕರಿಗೆ ಹಂಚುತ್ತೇನೆ. ಫೋನಿನಲ್ಲಿ ಯಾವ ನಕ್ಷೆಯ ಆ್ಯಪ್ ಇದೆ ಎಂಬ ಚಿಂತೆ ನನ್ನ ಆ್ಯಪ್‌ಗೆ ಇಲ್ಲ.

ನೇರ ಹೆಸರು ಬರೆದದ್ದು ಕೈಕೊಟ್ಟ ದಿನವೂ ಇದೆ. ದಾಸ್ತಾನಿನ ಲೆಕ್ಕಕ್ಕೆ ನಾವು ಬಳಸುವ ಒಂದು ಆ್ಯಪ್ ಇತ್ತು, ಅದನ್ನು ಪ್ಯಾಕೇಜ್ ಮತ್ತು ಕ್ಲಾಸ್ ಹೆಸರಿನಿಂದ ಕರೆಯುತ್ತಿದ್ದೆ. ಕ್ಲಾಸ್ ಹೆಸರು ಕಣ್ಣಿಗೆ ಕಾಣುವ ವಸ್ತುವಲ್ಲ, ಫೋನಿನಲ್ಲಿರುವ ಆ್ಯಪ್‌ಗಳ ಒಳಹೆಸರುಗಳನ್ನು ಪಟ್ಟಿ ಮಾಡಿ ತೋರಿಸುವ ಮತ್ತೊಂದು ಆ್ಯಪ್ ಹಾಕಿ ಹುಡುಕಿದ್ದೆ. ಮೂರು ತಿಂಗಳು ಚೆನ್ನಾಗಿ ನಡೆಯಿತು. ಒಂದು ಗುರುವಾರ ಬೆಳಿಗ್ಗೆ ಬಟನ್ ಒತ್ತಿದರೆ ‘ದೋಷ 601’, ಇದಕ್ಕೆ ತಕ್ಕ ಆ್ಯಕ್ಟಿವಿಟಿ ಸಿಗಲಿಲ್ಲ ಎಂಬ ಇಂಗ್ಲಿಷ್ ಸಾಲು. ಹಿಂದಿನ ರಾತ್ರಿ ಆ ಆ್ಯಪ್ ತಾನೇ ಹೊಸ ಆವೃತ್ತಿಗೆ ಬದಲಾಗಿತ್ತು, ಬಾಗಿಲಿನ ಹೆಸರೂ ಬದಲಾಗಿತ್ತು. ಅದನ್ನು ಬರೆದವರು ನನಗೆ ಹೇಳಿ ಬದಲಾಯಿಸಬೇಕಾಗಿರಲಿಲ್ಲ, ಒಳಹೆಸರು ಅವರ ಸ್ವಂತದ್ದು. ಆ ದಿನದಿಂದ ವಿಳಾಸದ ಮೂಲಕ ತೆರೆಯಲು ಬರುವುದನ್ನು ಹೆಸರಿನ ಮೂಲಕ ತೆರೆಯುವುದನ್ನು ಬಿಟ್ಟಿದ್ದೇನೆ.

ಜೊತೆಗೆ ಇನ್ನೊಂದು ಕೆಲಸ ಮಾಡಿದೆ, ಇದನ್ನು ಎಲ್ಲರೂ ಮೊದಲ ದಿನವೇ ಮಾಡಬೇಕು. ಆ್ಯಪ್ ಇನ್ವೆಂಟರ್‌ನ ಪರದೆಗೆ ‘ಎರರ್ ಅಕರ್ಡ್’ ಎಂಬ ಒಂದು ಬ್ಲಾಕ್ ಇದೆ. ಏನಾದರೂ ತಪ್ಪಿದಾಗ ಅದು ಎಚ್ಚರಗೊಳ್ಳುತ್ತದೆ, ದೋಷದ ಸಂಖ್ಯೆಯನ್ನು ಕೈಗೆ ಕೊಡುತ್ತದೆ. 601 ಬಂದರೆ “ಈ ಆ್ಯಪ್ ತೆರೆಯಲಿಲ್ಲ, ಕೈಯಿಂದ ತೆರೆಯಿರಿ” ಎಂದು ಕನ್ನಡದಲ್ಲಿ ತೋರಿಸುವಂತೆ ಮಾಡಿದ್ದೇನೆ. ಅಂಗಡಿಯ ಹುಡುಗರು ಇಂಗ್ಲಿಷ್ ಸಾಲು ಕಂಡರೆ ಫೋನು ಕೆಟ್ಟಿದೆ ಎಂದುಕೊಂಡು ಕೆಳಗಿಡುತ್ತಿದ್ದರು. ಕನ್ನಡದ ಸಾಲು ಓದಿ ಮುಂದಿನ ಕೆಲಸ ತಾವೇ ಮಾಡುತ್ತಾರೆ.

ತೆರೆಯುವ ಮೊದಲೇ ಆ ಆ್ಯಪ್ ಇದೆಯೇ ಎಂದು ಕೇಳುವ ಬ್ಲಾಕ್ ಸಹ ಇದೆ, ಹೆಸರು ‘ರಿಸಾಲ್ವ್ ಆ್ಯಕ್ಟಿವಿಟಿ’. ಉತ್ತರ ಖಾಲಿ ಬಂದರೆ ಇಲ್ಲವೆಂದು ಅರ್ಥ. ಹಳೆಯ ಫೋನಿನಲ್ಲಿ ಸರಿಯಾಗಿ ಹೇಳುತ್ತಿತ್ತು. ಹೊಸ ಫೋನಿಗೆ ಹಾಕಿದಾಗ, ಕಣ್ಣೆದುರಿಗೆ ಇರುವ ಆ್ಯಪ್‌ಗೂ ಖಾಲಿ ಉತ್ತರ ಬಂತು. ಕಾರಣ ಹುಡುಕುತ್ತ ಹೋದರೆ ಅದು 2020ರಲ್ಲಿ ಬಂದ ಆಂಡ್ರಾಯ್ಡ್ 11ರ ನಿಯಮ. ಫೋನಿನಲ್ಲಿ ಬೇರೆ ಯಾವ ಯಾವ ಆ್ಯಪ್‌ಗಳಿವೆ ಎಂದು ಯಾವ ಆ್ಯಪ್ ಬೇಕಾದರೂ ಇಣುಕುವುದನ್ನು ಅದು ತಡೆದಿದೆ. ನಿಯಮ ಸರಿಯಾದದ್ದು. ನನ್ನ ಫೋನಿನಲ್ಲಿ ಯಾವ ಬ್ಯಾಂಕಿನ ಆ್ಯಪ್ ಇದೆ ಎಂದು ಕಂಡಕಂಡವರಿಗೆ ಏಕೆ ತಿಳಿಯಬೇಕು? ಆದರೆ ಇಣುಕಲು ಬಿಡದಿದ್ದರೂ ತೆರೆಯಲು ಬಿಡುತ್ತದೆ. ಆದ್ದರಿಂದ ಈಗ ಮೊದಲೇ ಕೇಳುವುದನ್ನು ಬಿಟ್ಟು ನೇರವಾಗಿ ತೆರೆಯುತ್ತೇನೆ, ತಪ್ಪಿದರೆ 601 ಹಿಡಿಯುವ ಬ್ಲಾಕ್ ನೋಡಿಕೊಳ್ಳುತ್ತದೆ.

ಕರೆ ಮಾಡಲು ಆ್ಯಕ್ಟಿವಿಟಿ ಸ್ಟಾರ್ಟರ್ ಬೇಕಿಲ್ಲ, ಅದಕ್ಕೇ ಬೇರೆ ಘಟಕವಿದೆ. ಅದರಲ್ಲಿ ಎರಡು ನೇರಳೆ ಬ್ಲಾಕು. ಒಂದು ನಂಬರನ್ನು ಡಯಲ್ ಪರದೆಗೆ ತಂದು ನಿಲ್ಲಿಸುತ್ತದೆ, ಹಸಿರು ಗುರುತನ್ನು ನಾವೇ ಒತ್ತಬೇಕು. ಇನ್ನೊಂದು ನೇರವಾಗಿ ಕರೆ ಹಚ್ಚುತ್ತದೆ, ಅದಕ್ಕೆ ಮೊದಲ ಸಲ ಅನುಮತಿ ಕೊಡಬೇಕು. ನೇರ ಕರೆಯನ್ನು ಆರಿಸಿಕೊಂಡೆ, ಎರಡನೆಯ ದಿನವೇ ಒಂದು ಅಡಚಣೆ ಎದುರಾಯಿತು. ಎರಡು ಸಿಮ್ ಇರುವ ಫೋನು, ಪ್ರತಿ ಕರೆಗೂ ಯಾವ ಸಿಮ್ ಎಂದು ಕೇಳುತ್ತಿತ್ತು. ಫೋನಿನ ಸೆಟ್ಟಿಂಗ್‌ನಲ್ಲಿ ಕರೆಗೆ ಒಂದೇ ಸಿಮ್ ಎಂದು ಖಾಯಂ ಮಾಡಿದ ಮೇಲೆ ನಿಂತಿತು. ಇಂಥದ್ದಕ್ಕೆ ಬ್ಲಾಕುಗಳಲ್ಲಿ ಉತ್ತರ ಹುಡುಕಿ ಸಮಯ ಕಳೆಯಬೇಡಿ.

ಸಂದೇಶಕ್ಕೂ ಹೀಗೆಯೇ ಎರಡು ದಾರಿ. ಸಂದೇಶದ ಆ್ಯಪ್ ತೆರೆದು ಬರಹ ತುಂಬಿ ನಿಲ್ಲಿಸುವುದು ಒಂದು, ತಾನೇ ಕಳುಹಿಸಿಬಿಡುವುದು ಇನ್ನೊಂದು. ಇಲ್ಲಿ ನಾನು ಮೊದಲನೆಯದನ್ನೇ ಇಟ್ಟುಕೊಂಡಿದ್ದೇನೆ. ದರದ ಒಂದು ಅಂಕಿ ತಪ್ಪಿ ಹೋದರೆ ರೈತರಿಗೂ ನಮಗೂ ನಡುವಿನ ನಂಬಿಕೆ ಕೆಡುತ್ತದೆ. ಕಳುಹಿಸುವ ಮುನ್ನ ಕಣ್ಣಾಡಿಸಲು ಒಂದು ಕ್ಷಣ ಬೇಕು. ಕನ್ನಡದಲ್ಲಿ ಬರೆಯುವವರು ಗಮನಿಸಬೇಕಾದ ಲೆಕ್ಕ ಒಂದಿದೆ. ಇಂಗ್ಲಿಷ್ ಅಕ್ಷರಗಳ ಒಂದು ಸಂದೇಶದಲ್ಲಿ 160 ಅಕ್ಷರ ಹಿಡಿದರೆ ಕನ್ನಡದಲ್ಲಿ 70 ಮಾತ್ರ. ಅದರಲ್ಲಿಯೂ ಕೊಂಬು, ದೀರ್ಘ, ಒತ್ತು ಎಲ್ಲವೂ ಬೇರೆ ಬೇರೆಯಾಗಿ ಎಣಿಕೆಗೆ ಬರುತ್ತವೆ. ‘ಕ್ವಿಂಟಲ್‌ಗೆ’ ಎಂಬ ಒಂದೇ ಪದ ಹತ್ತರ ಹತ್ತಿರ ನುಂಗುತ್ತದೆ. ಹಾಗಾಗಿ “ಲಾಟ್, ಚೀಲ, ದರ, ಒಪ್ಪಿಗೆಯೇ?” ಎಂಬ ಚೌಕಟ್ಟಿಗೆ ಬರಹವನ್ನು ಇಳಿಸಿದೆ.

ವಾಟ್ಸ್‌ಆ್ಯಪ್‌ಗೆ ‘ಡಬ್ಲ್ಯುಎ ಡಾಟ್ ಎಂಇ’ ವಿಳಾಸದ ಮುಂದೆ ದೇಶದ ಸಂಖ್ಯೆ 91 ಸೇರಿಸಿ ನಂಬರು ಕೊಟ್ಟರೆ ಆ ವ್ಯಕ್ತಿಯ ಮಾತುಕತೆ ತೆರೆಯುತ್ತದೆ. ಕೂಡಿಸುವ ಚಿಹ್ನೆಯಾಗಲಿ ಮುಂದಿನ ಸೊನ್ನೆಯಾಗಲಿ ಇರಬಾರದು. ನಂಬರು ಫೋನಿನಲ್ಲಿ ಉಳಿಸಿರದಿದ್ದರೂ ತೆರೆಯುತ್ತದೆ, ಹೊಸ ರೈತರಿಗೆ ಇದು ಬಹಳ ಅನುಕೂಲ. ಬರಹವನ್ನೂ ಜೊತೆಗೆ ಕಳುಹಿಸಬಹುದು, ಅಲ್ಲಿ ನನ್ನಿಂದ ಒಂದು ದೊಡ್ಡ ತಪ್ಪಾಯಿತು. ಹಿರೇಕೆರೂರು ಕಡೆಯ ಒಬ್ಬ ಗೌಡರಿಗೆ “ಡಬ್ಬಿ 12 & ಕಡ್ಡಿ 30 ಚೀಲ” ಎಂದು ಬರೆದದ್ದು ಅವರಿಗೆ “ಡಬ್ಬಿ 12” ಎಂದಷ್ಟೇ ಮುಟ್ಟಿತು. ಡಬ್ಬಿ, ಕಡ್ಡಿ ಎರಡೂ ಮೆಣಸಿನಕಾಯಿಯ ಬಗೆಗಳು. ಗಡಿಬಿಡಿಯಲ್ಲಿ ನಾನೂ ನೋಡದೆ ಒತ್ತಿದ್ದೆ. ಅವರು ಕರೆ ಮಾಡಿ ಕೇಳಿದರು: “ದಿವಾನಜಿಯವರೇ, ನನ್ನ ಕಡ್ಡಿ ಎಲ್ಲಿ ಹೋಯಿತು?” ಮೂವತ್ತು ಚೀಲ ಕಾಣೆಯಾದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಕ್ಷಮೆ ಕೇಳಿ, ಚೀಲಗಳ ಫೋಟೊ ತೆಗೆದು ಕಳುಹಿಸಿದೆ.

ಆ ಚಿಹ್ನೆಗೆ ವಿಳಾಸದಲ್ಲಿ ಬೇರೆ ಅರ್ಥವಿದೆ. ಅದು ಕಂಡಲ್ಲಿ ಒಂದು ತುಂಡು ಮುಗಿದು ಇನ್ನೊಂದು ಆರಂಭವಾಯಿತು ಎಂದು ಓದಿಕೊಳ್ಳಲಾಗುತ್ತದೆ. ಖಾಲಿ ಜಾಗ, ಕನ್ನಡದ ಅಕ್ಷರ, ಇಂಥ ಚಿಹ್ನೆಗಳನ್ನು ವಿಳಾಸಕ್ಕೆ ಒಗ್ಗುವ ರೂಪಕ್ಕೆ ತಿರುಗಿಸಿ ಕಳುಹಿಸಬೇಕು. ವೆಬ್ ಎಂಬ ಘಟಕದಲ್ಲಿ ‘ಯುಆರ್‌ಐ ಎನ್‌ಕೋಡ್’ ಎಂಬ ಬ್ಲಾಕ್ ಇದೆ, ಬರಹವನ್ನು ಅದರೊಳಗೆ ಹಾಯಿಸಿದರೆ ಸಾಕು. ಒಂದೇ ಬ್ಲಾಕು. ಇದನ್ನು ಓದುತ್ತಿರುವವರು ಬೇರೆಲ್ಲ ಮರೆತರೂ ಇದನ್ನು ಮರೆಯಬಾರದೆಂದು ಕೇಳಿಕೊಳ್ಳುತ್ತೇನೆ.

ನನಗೆ ಅತ್ಯಂತ ಸಂತೋಷ ಕೊಟ್ಟದ್ದು ತೂಕದ ಆ್ಯಪ್. ಕಾಟಾದ ಬಳಿ ನಿಂತು ಚೀಲದಿಂದ ಚೀಲಕ್ಕೆ ತೂಕ ಬರೆದುಕೊಂಡು, ಖಾಲಿ ಚೀಲದ ತೂಕ ಕಳೆದು ಮೊತ್ತ ತೆಗೆಯಲು ಮಗಳು ತನ್ನ ಖಾತೆಯಲ್ಲಿ ಬೇರೊಂದು ಸಣ್ಣ ಆ್ಯಪ್ ಮಾಡಿದ್ದಳು. ಒಂದು ಆ್ಯಪ್ ಇನ್ನೊಂದನ್ನು ತೆರೆಯುವುದಷ್ಟೇ ಅಲ್ಲ, ಅಲ್ಲಿಂದ ಉತ್ತರ ತರಿಸಿಕೊಳ್ಳಲೂ ಸಾಧ್ಯ. ನನ್ನ ಆ್ಯಪ್ ಲಾಟಿನ ಸಂಖ್ಯೆಯನ್ನು ‘ಆ್ಯಪ್ ಇನ್ವೆಂಟರ್ ಸ್ಟಾರ್ಟ್’ ಎಂಬ ಗುರುತಿನ ಕೆಳಗೆ ಕಳುಹಿಸುತ್ತದೆ. ತೂಕದ ಆ್ಯಪ್ ಅದನ್ನು ತಲೆಬರಹವಾಗಿ ತೋರಿಸಿ ತೂಕಗಳನ್ನು ಬರೆಸಿಕೊಳ್ಳುತ್ತದೆ. ‘ಮುಗಿಯಿತು’ ಒತ್ತಿದಾಗ ಪರದೆ ಮುಚ್ಚಿ, ಮೊತ್ತವು ‘ಆ್ಯಪ್ ಇನ್ವೆಂಟರ್ ರಿಸಲ್ಟ್’ ಎಂಬ ಗುರುತಿನಲ್ಲಿ ಹಿಂದಿರುಗುತ್ತದೆ. ಗುರುತುಗಳ ಪದಗಳ ನಡುವೆ ಅಡಿಗೆರೆ ಇರಬೇಕು, ಎಲ್ಲವೂ ದೊಡ್ಡ ಅಕ್ಷರ. ನನ್ನ ಕಡೆ ‘ಆಫ್ಟರ್ ಆ್ಯಕ್ಟಿವಿಟಿ’ ಎಂಬ ಬ್ಲಾಕ್ ಅದನ್ನು ಹಿಡಿದು ದರದಿಂದ ಗುಣಿಸಿ ನೂರರಿಂದ ಭಾಗಿಸುತ್ತದೆ. ಕಾಟಾದಿಂದ ಪಟ್ಟಿಯವರೆಗೆ ಅಂಕಿಯನ್ನು ಎರಡನೆಯ ಸಲ ಬರೆಯುವ ಪ್ರಸಂಗವೇ ಇಲ್ಲ. ಇಪ್ಪತ್ತಮೂರು ವರ್ಷ ಅಂಕಿ ನಕಲು ಮಾಡಿದವನಿಗೆ ಅದರ ಬೆಲೆ ಗೊತ್ತು.

ತೂಕದ ಆ್ಯಪ್ ತಿದ್ದುವ ಕೆಲಸ ನನಗೆ ಬಂದಾಗ, ಮಗಳ ಖಾತೆಯಿಂದ ಎಐಎ ಕಡತವನ್ನು ನನ್ನ ಖಾತೆಗೆ ತಂದು ಹೊಸದಾಗಿ ಕಟ್ಟಿ ಫೋನಿಗೆ ಹಾಕಿದೆ. ಹಳೆಯದರ ಮೇಲೆ ಕೂರುತ್ತದೆ ಎಂದುಕೊಂಡಿದ್ದೆ, ಪಕ್ಕದಲ್ಲಿ ಎರಡನೆಯದಾಗಿ ಬಂದು ಕುಳಿತಿತು. ಹಳೆಯದನ್ನು ತೆಗೆದುಹಾಕಿದ ಕೂಡಲೇ 601. ಆ್ಯಪ್ ಇನ್ವೆಂಟರ್‌ನಲ್ಲಿ ಪ್ಯಾಕೇಜ್ ಹೆಸರು ಮಾಡಿದವರ ಖಾತೆಯ ಹೆಸರಿನಿಂದಲೇ ಆಗುತ್ತದೆ: ಆ್ಯಪ್ ಇನ್ವೆಂಟರ್, ಡಾಟ್, ಎಐ ಅಡಿಗೆರೆ ಖಾತೆಯ ಹೆಸರು, ಡಾಟ್, ಯೋಜನೆಯ ಹೆಸರು. ಖಾತೆ ಬದಲಾದರೆ ಅಂಗಡಿಯ ಫಲಕವೇ ಬದಲಾದಂತೆ. ಒಂದನ್ನೊಂದು ಕರೆಯುವ ಆ್ಯಪ್‌ಗಳನ್ನು ಒಂದೇ ಖಾತೆಯಲ್ಲಿ ಮಾಡಿ, ಆ ಖಾತೆ ಅಂಗಡಿಯದ್ದೇ ಆಗಿರಲಿ.

ಹಣ ಕಳುಹಿಸುವ ಬಟನ್ ಸಹ ಒಂದು ವಾರ ಇತ್ತು. ಯುಪಿಐಗೂ ವಿಳಾಸದ ಮಾದರಿ ಇದೆ, ಒತ್ತಿದರೆ ಫೋನಿನಲ್ಲಿರುವ ಹಣದ ಆ್ಯಪ್‌ಗಳು ಮುಂದೆ ಬರುತ್ತವೆ. ಸಾಹುಕಾರರು ನೋಡಿ “ಹಣ ಇಷ್ಟು ಹಗುರವಾಗಿ ಹೊರಡಬಾರದು” ಎಂದರು. ಅವರ ಮಾತು ನನಗೂ ಒಪ್ಪಿಗೆಯಾಯಿತು, ತೆಗೆದೆ.

ಕೊರತೆಗಳನ್ನೂ ಹೇಳಬೇಕು. ನಾನು ಬಳಸಿದ ರೂಪದಲ್ಲಿ ಬ್ಲಾಕುಗಳ ಮೇಲಿನ ಬರಹವೆಲ್ಲ ಇಂಗ್ಲಿಷ್. ಬಟನ್ ಮೇಲೆ, ಪಟ್ಟಿಯಲ್ಲಿ, ಸೂಚನೆಯಲ್ಲಿ ಕನ್ನಡ ಚೆನ್ನಾಗಿ ಮೂಡುತ್ತದೆ. ರೈತರ ಪಟ್ಟಿಗೆ ಹುಡುಕುವ ಜಾಗ ಕೊಟ್ಟು ಕನ್ನಡದಲ್ಲಿಯೇ ಹುಡುಕುತ್ತೇನೆ, ಬಸವರಾಜರೆಲ್ಲ ಊರಿನ ಹೆಸರಿನೊಂದಿಗೆ ಬೇರೆ ಬೇರೆಯಾಗಿ ನಿಂತಿದ್ದಾರೆ. ಆದರೆ ಆ್ಯಪ್ ಮಾಡುವವನು ಇಂಗ್ಲಿಷ್ ಪದಗಳನ್ನು ಗುರುತು ಹಿಡಿಯಲೇಬೇಕು. ನಮ್ಮ ಹಮಾಲರ ಮುಖಂಡರು ನನಗಿಂತ ಚುರುಕು, ಕನ್ನಡದಲ್ಲಿದ್ದರೆ ಅವರೂ ಮಾಡುತ್ತಿದ್ದರು ಎಂಬ ನೋವು ನನಗಿದೆ. ಟಾರ್ಚ್ ಹೊತ್ತಿಸಲು ಒಳಗೇ ಒಂದು ಘಟಕವಿಲ್ಲ, ಬೇರೆಯವರು ಬರೆದ ಎಕ್ಸ್‌ಟೆನ್ಷನ್ ತಂದು ಸೇರಿಸಬೇಕು. ಆ್ಯಪ್ ಕಟ್ಟಲು ಇಂಟರ್ನೆಟ್ ಬೇಕೇ ಬೇಕು. ಹೀಗೆ ಕಟ್ಟಿದ ಎಪಿಕೆ (ಫೋನಿಗೆ ಹಾಕುವ ಆ್ಯಪ್‌ನ ಕಡತ) ಐಫೋನಿನಲ್ಲಿ ಕೂರುವುದಿಲ್ಲ, ಇಂಟೆಂಟ್ ಎಂಬ ಚೀಟಿಯ ಪದ್ಧತಿಯೇ ಆಂಡ್ರಾಯ್ಡಿನದು. ಪ್ಲೇ ಸ್ಟೋರಿನಲ್ಲಿ ಹಾಕಬೇಕೆಂದರೆ ನೋಂದಣಿಗೆ ಒಮ್ಮೆ 25 ಡಾಲರ್ ಕಟ್ಟಬೇಕು, ಅಲ್ಲದೆ ತಾನೇ ಎಸ್‌ಎಂಎಸ್ ಕಳುಹಿಸುವ ಆ್ಯಪ್‌ಗಳಿಗೆ ಗೂಗಲ್‌ನ ನಿಯಮ ಬಿಗಿಯಾಗಿದೆ. ನಾನು ಆ ದಾರಿಗೆ ಹೋಗಿಲ್ಲ. ಅಂಗಡಿಯ ನಾಲ್ಕು ಫೋನುಗಳಿಗೆ ಎಪಿಕೆ ಹಾಕಿದ್ದೇನೆ. ಹಾಕುವಾಗ ಪ್ಲೇ ಸ್ಟೋರಿನ ಹೊರಗಿನದು ಎಂದು ಫೋನು ಎಚ್ಚರಿಸುತ್ತದೆ. ಯಾರು ಮಾಡಿದ್ದೆಂದು ಗೊತ್ತಿರುವ ಆ್ಯಪ್‌ಗೆ ಮಾತ್ರ ಅಲ್ಲಿ ಹೂಂ ಎನ್ನಬೇಕು.

ಸಾವಿರಾರು ಜನರಿಗೆ ಹಂಚುವ ಆ್ಯಪ್ ಮಾಡಬೇಕೆನ್ನುವವರಿಗೆ ನಾನು ಇದನ್ನು ಹೇಳುವುದಿಲ್ಲ. ದಿನವೂ ಅದೇ ನಾಲ್ಕು ಆ್ಯಪ್‌ಗಳ ನಡುವೆ ಅದೇ ಸರತಿಯಲ್ಲಿ ಓಡಾಡುವವರಿಗೆ, ತಮ್ಮ ಕೆಲಸದ ಸರತಿ ತಮಗೇ ಚೆನ್ನಾಗಿ ಗೊತ್ತಿರುವವರಿಗೆ ಕೈಹಿಡಿದು ಹೇಳುತ್ತೇನೆ. ನನ್ನ ಲಾಟಿಗೆ ಬೇಕಾಗುತ್ತಿದ್ದ ಹತ್ತೊಂಬತ್ತು ಒತ್ತು ಈಗ ಐದಕ್ಕೆ ಇಳಿದಿದೆ. ರೈತರ ಹೆಸರು, ಕರೆ, ಸಂದೇಶ, ಕಳುಹಿಸು, ಪಟ್ಟಿಯ ಫೋಟೊ. ಕಳೆದ ಹಂಗಾಮಿನಲ್ಲಿ ನಮ್ಮ ಅಂಗಡಿಯ ಲಾಟುಗಳ ಒಪ್ಪಿಗೆ ತಡವಾಯಿತು ಎಂದು ಖರೀದಿದಾರರ ಕಡೆಯವರು ಒಂದು ಸಲವೂ ಹೇಳಿ ಕಳುಹಿಸಲಿಲ್ಲ.

ಪಕ್ಕದ ಸಾಲಿನ ಅಂಗಡಿಯ ದಿವಾನಜಿಯವರು ಇದನ್ನು ನೋಡಿ ತಮಗೂ ಹಾಕಿಕೊಡಿ ಎಂದು ಕೇಳಿದರು. ಎಪಿಕೆ ಕೊಡಲಿಲ್ಲ, ರೈತರ ನಂಬರುಗಳನ್ನು ತೆಗೆದು ಖಾಲಿ ಮಾಡಿದ ಎಐಎ ಕಡತ ಕೊಟ್ಟು, ಎರಡು ಭಾನುವಾರ ಅವರ ಮನೆಯಲ್ಲಿ ಕುಳಿತೆ. ಅವರ ಸರತಿ ನಮ್ಮಂತಿಲ್ಲ, ಅವರಲ್ಲಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಗುಂಪಿಗೆ ಬೆಳಿಗ್ಗೆ ಹೇಳಿ ಕಳುಹಿಸುವುದು ಮೊದಲ ಕೆಲಸ. ಅದಕ್ಕೆ ಮೇಲೆ ಅಗಲವಾದ ಒಂದು ಬಟನ್ ಇಟ್ಟುಕೊಂಡಿದ್ದಾರೆ. ಮೊನ್ನೆ ಸೋಮವಾರ ಟೆಂಡರ್ ಮುಗಿದ ಮೇಲೆ ಫೋನು ಮಾಡಿ, ಸಂದೇಶ ಅರ್ಧಕ್ಕೆ ನಿಲ್ಲುತ್ತಿದೆ, ಏನು ಮಾಡಲಿ ಎಂದರು. ಎನ್‌ಕೋಡ್ ಬ್ಲಾಕ್ ಎಲ್ಲಿದೆ ಎಂದು ಹೇಳಿದೆ.